ಸೀಗಡಿಯಿಲ್ಲದ ಆಗಸ್ಟ್

ದೋಣಿಕಟ್ಟೆಯ ಕಂಬಕ್ಕೆ ಹಳದಿ ಚೀಟಿ ಹೊಡೆದಿದ್ದರು:
ಕೆರೆಗೆ ಸೀಗಡಿಪಿಡುಗು. ಬಲೆ ಇಳಿಸಕೂಡದು.
ಅಮ್ಮ ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದಳು.
ಆಮೇಲೆ, ನೀರಿಗೂ ಕೇಳಿಸುವಷ್ಟು ಗಟ್ಟಿಯಾಗಿ,
'ಟೋಪಿಗೆ ಕಾಗದ ತಂದಾಗಿದೆ' ಅಂದಳು.

ಅಲ್ಲಿಗೆ ಇತ್ಯರ್ಥ. ಗುನ್‌ವೊರ್ ಎಂಬಾಕೆ ಕಾಗದ ತಂದಮೇಲೆ
ಸ್ಮೋಲಾಂಡಿನ ಈ ದಂಡೆಯಲ್ಲಿ ಔತಣ ನಿಲ್ಲುವುದಿಲ್ಲ.
ನಾನು ಹುಟ್ಟಿದ ವರ್ಷ ನಿಂತಿರಲಿಲ್ಲ,
ಅಪ್ಪ ಎದುರು ದಂಡೆಗೆ ಮನೆ ಬದಲಿಸಿದ ವರ್ಷವೂ ನಿಂತಿರಲಿಲ್ಲ.
ಆ ಸಲ ಅವನ ಹೆಸರಿನ ಟೋಪಿ ಮಾಡಿ
ಅಂಚೆಯಲ್ಲಿ ಕಳಿಸಿದ್ದಳು, ಒಳಗೆ ಒಂದಕ್ಷರ ಬರೆಯದೆ.
ಎವಾಲ್ಡ್ ಅದನ್ನು ಇಟ್ಟುಕೊಂಡೇ
ದೋಣಿಗೆ ಹುಟ್ಟು ಹಾಕುತ್ತ ಬಂದಿದ್ದ.

ಅಂಗಡಿಯಲ್ಲಿ ಹೆಪ್ಪುಗಟ್ಟಿದ ಪೆಟ್ಟಿಗೆಗಳಿದ್ದವು,
ಯಾವುದೋ ದೂರದ ನೀರಿನ ಸೀಗಡಿ,
ಬೇಯಿಸಿ, ಉಪ್ಪು ಹಾಕಿ, ಬೆಲೆ ಅಂಟಿಸಿದ್ದು.
ತರಲೇ ಎಂದೆ. ಅವಳು ನೋಡಿದ ನೋಟಕ್ಕೆ
ಕತ್ತರಿ ತಾನಾಗಿ ನನ್ನ ಕೈಗೆ ಬಂತು.

ಮೂರು ದಿನ ಬರೀ ಕೆಂಪು ಕಾಗದ.
ಮೊದಲು ಬಾಲ ಮಡಿಸು, ಆಮೇಲೆ ಎಂಟು ಕಾಲು,
ಕೊನೆಗೆ ಇಕ್ಕಳದಂಥ ಕೈ.
ನನ್ನವು ಚೇಳಿನಂತಾದವು,
ಮಗಳು ತೂವಾಳವು ಯಾವ ಜಾತಿಗೂ ಸೇರಲಿಲ್ಲ,
ಅಮ್ಮನವು ಮೇಜಿನಿಂದಿಳಿದು ಹೊರಟೇಬಿಡುವಂತಿದ್ದವು.
ಪ್ರತಿಯೊಂದರ ಹೊಟ್ಟೆಯೊಳಗೆ
ಏನೋ ಬರೆದು ಸುರುಳಿ ಸುತ್ತಿ ತುರುಕಿದಳು.
ಏನದು ಅಂದರೆ, 'ಮಾಂಸ' ಅಂದಳು.

ಅಟ್ಟದಿಂದ ಚಂದ್ರರು ಇಳಿದರು,
ಹಳದಿ ಗೂಡುದೀಪಗಳು, ಉಬ್ಬುಗಲ್ಲ, ಅಗಲ ಬಾಯಿ.
ಒಬ್ಬನ ಮೂಗನ್ನು ಇಲಿ ತಿಂದಿತ್ತು,
ಇನ್ನೊಬ್ಬನ ಗಲ್ಲದಲ್ಲಿ ಯಾವ ವರ್ಷದ್ದೋ ಮೇಣ.
ಮೂಗಿಲ್ಲದವನಿಗೆ ತೂವಾ ಮೂಲಂಗಿ ಅಂಟಿಸಲು ಹೋಗಿ
ಬೈಸಿಕೊಂಡಳು, ಆಮೇಲೆ ಹೊಗಳಿಸಿಕೊಂಡಳು.

ಹಂಡೆ ಒಲೆಗೇರಿತು, ಎಂದಿನಂತೆ:
ಹಿಡಿ ಹಿಡಿ ಉಪ್ಪು, ಚೂರು ಸಕ್ಕರೆ, ಒಂದು ಬಾಟಲಿ ಕಪ್ಪು ಬಿಯರು,
ಹೂಬಿಟ್ಟು ಬಲಿತ ಸಬ್ಬಸಿಗೆ, ದಂಟುಸಮೇತ, ಒಂದು ತೆಕ್ಕೆ.
ಕುದಿಯುವ ನೀರಿಗೆ ಹಾಕಲು ಯಾರೂ ಇರಲಿಲ್ಲ.
ಅಮ್ಮ ಮುಚ್ಚಳ ಹಿಡಿದು ಹಾಗೇ ನಿಂತಳು.
ಆಮೇಲೆ ಆಲೂಗಡ್ಡೆ ಸುರಿದಳು.

ಅಪ್ಪ ಬಂದ, ಅಂಚು ಕರಕಲಾದ ಚೀಸ್ ಪೈ ಹೊತ್ತು.
'ನಾನೇ ಮಾಡಿದ್ದು' ಅಂದ. ಯಾರೂ ಅನುಮಾನಿಸಿರಲಿಲ್ಲ.
ಬಿರ್ಗರ್ ಬಂದ, ಯಾವ ಟೋಪಿಯೂ ಅವನ ತಲೆಗೆ ಸಾಲದು.
ಮಾಯ್‌ಲಿಸ್ ಬಂದಳು, ಬೇಡದವರನ್ನು
ತನ್ನ ಕಿವುಡು ಕಿವಿಯ ಪಕ್ಕವೇ ಕೂರಿಸಿಕೊಳ್ಳುವವಳು.

ಸೀಗಡಿಯನ್ನು ಸೊರ್ರೆಂದು ಸದ್ದು ಮಾಡಿಯೇ ಹೀರಬೇಕು,
ಅದು ಇಲ್ಲಿನ ಮರ್ಯಾದೆ.
ಕತ್ತಿಗೆ ಎದೆಬಟ್ಟೆ ಕಟ್ಟಿ ನಾವು ಆಲೂಗಡ್ಡೆ ಹೀರಿದೆವು.
ಬಿರ್ಗರ್ ಹೀರಿದ ರಭಸಕ್ಕೆ ಆಚೆ ದಂಡೆಯ ನಾಯಿ ಬೊಗಳಿತು.
ಸೋಂಪಿನ ಸಾರಾಯಿ ಸುತ್ತು ಬಂತು,
ಹಾಡು ಎರಡನೇ ಸಾಲಿಗೇ ಮರೆತುಹೋಯಿತು.

ಆಮೇಲೆ ಒಬ್ಬೊಬ್ಬರೇ ಕಾಗದ ಸುಲಿದರು.
ಬಿರ್ಗರನಿಗೆ: ನನ್ನ ಏಣಿ ವಾಪಸು ಕೊಡು.
ಮಾಯ್‌ಲಿಸಳಿಗೆ: ನಿನಗೆ ಎಲ್ಲಾ ಕೇಳಿಸುತ್ತದೆ, ನನಗೆ ಗೊತ್ತು.
ತೂವಾಳಿಗೆ ಒಂದು ನಾಣ್ಯ.
ನನ್ನದರಲ್ಲಿದ್ದದ್ದನ್ನು ಇಲ್ಲಿ ಹೇಳುವುದಿಲ್ಲ.
ಅಪ್ಪ ತನ್ನದನ್ನು ಸುಲಿಯಲೇ ಇಲ್ಲ.
ಬಾಲ ಮುರಿಯದಂತೆ ಎತ್ತಿ ಅಂಗಿಯ ಜೇಬಿಗಿಟ್ಟ,
ಎರಡು ಕೆಂಪು ಕೈ ಹೊರಗೆ ಇಣುಕುವಂತೆ.
ಅಮ್ಮ ನೋಡಿಯೂ ನೋಡದವಳ ಹಾಗೆ
ಪೈಯ ಕರಕಲು ಅಂಚನ್ನೇ ಇನ್ನೊಮ್ಮೆ ಹಾಕಿಕೊಂಡಳು.

ಬೆಳಿಗ್ಗೆ ಹಂಡೆಯ ಉಪ್ಪುನೀರು ತಣ್ಣಗಾಗಿತ್ತು.
ಕೆರೆಗೆ ಚೆಲ್ಲಬೇಡ ಅಂದಳು, ಅದಕ್ಕಿರುವ ಕಾಯಿಲೆ ಸಾಕು.
ಬಂಡೆಯ ಮೇಲೆ ಸುರಿದೆ.
ಬಿರ್ಗರನ ಬೆಕ್ಕು ಓಡಿ ಬಂತು,
ಚಿಪ್ಪಿಗಾಗಿ ತಡಕಿತು, ಸಬ್ಬಸಿಗೆ ದಂಟು ಮೂಸಿತು,
ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ
ಉಪ್ಪು ನೆಕ್ಕುತ್ತ ಕೂತಿತು.