ಕೊನೆಯ ಕಾಲಂ

ಮಸ್ಕತ್ತಿನಿಂದ ಮತ್ತೆ ಫೋನು: ವರ್ಷದ ವಿಷದ ಲೆಕ್ಕ ಕಳಿಸಿ.
ರಾತ್ರಿ ಪಾಳಿಯಲ್ಲಿ ಹಸಿರು ರಟ್ಟಿನ ರಿಜಿಸ್ಟರ್ ಬಿಡಿಸಿ ಕೂತೆ.
ಸಿನಾವ್ ಆಸ್ಪತ್ರೆಯ ಹೊರಗೆ, ಗುರುವಾರದ ಸಂತೆಗೆ ಬಂದ ಒಂಟೆಗಳು
ಪಿಕಪ್ಪಿನ ಮೇಲೇ ಮಂಡಿಯೂರಿ ಬೆಳಗು ಕಾಯುತ್ತಿದ್ದವು.

ವಯಸ್ಸು, ಲಿಂಗ, ದೇಶ, ಕುಡಿದದ್ದೇನು, ಎಷ್ಟು ಗಂಟೆಗೆ.
ಕೊನೆಯ ಕಾಲಂ: ಅರಿಯದೆಯೋ, ಅರಿತೋ.

ಗೆರೆ ಎಳೆದು ಕೂಡಿಸಿದರೆ ವಿಷಕ್ಕೂ ಒಂದು ದಿನಚರಿ.
ಎರಡು ವರ್ಷದವರು ಬರುವುದು ಅಸರ್ ಬಾಂಗಿಗೆ ಮೊದಲು,
ಮನೆಯೆಲ್ಲ ನಿದ್ದೆಹೋದಾಗ; ಬಾಯಲ್ಲಿ ಸೀಮೆಎಣ್ಣೆ,
ನೀರಿನ ಬಾಟ್ಲಿಯಲ್ಲಿ ಇಟ್ಟಿದ್ದು.
ಇಲ್ಲವೇ ಅಜ್ಜಿಯ ಸಕ್ಕರೆ ಮಾತ್ರೆ. ಘನೀಮಾ ನಾಲ್ಕು ನುಂಗಿದ್ದಳು,
ಗ್ಲುಕೋಸ್ ಏರಿಸಿದ ಮೇಲೆ ಎದ್ದು ಕೂತು ನನ್ನ ಪೆನ್ನು ಕೇಳಿದಳು.
ಜನವರಿಯಲ್ಲಿ ಇದ್ದಿಲ ಹೊಗೆ: ಕಿಟಕಿ ಮುಚ್ಚಿದ ಕೋಣೆ, ಒಂದೇ ಕಂಬಳಿಯಡಿ ಮೂವರು.
ಖರ್ಜೂರಕ್ಕೆ ಮದ್ದು ಹೊಡೆಯುವ ತಿಂಗಳಲ್ಲಿ ತೋಟದಾಳುಗಳು,
ಹೆಚ್ಚಾಗಿ ಸಂಬಳ ಬಾರದ ವಾರ.
ಅದಕ್ಕೆ ಕಾಲಂ ಇಲ್ಲ.

ನೂರ ಹದಿನಾಲ್ಕನೆಯವನು ಭಾಲ್ಕಿ ಕಡೆಯವನು.
ಪಾಸ್‌ಪೋರ್ಟು ಅವನನ್ನು ಮಾಣಿಕ್, ಅಪ್ಪ ಎಂದು ಎರಡು ತುಂಡು ಮಾಡಿತ್ತು.
ಸಾಸಿವೆ ಕಾಳಿನಷ್ಟಾದ ಕಣ್ಣಪಾಪೆ, ಅಂಗಿಗೆ ಬೆಳ್ಳುಳ್ಳಿ ಕೊಳೆತ ನಾತ,
ಜೊಲ್ಲು ನಿಲ್ಲಲೊಲ್ಲದು. ಅಟ್ರೋಪಿನ್, ಮತ್ತೆ ಅಟ್ರೋಪಿನ್,
ಎದೆಯ ಗೊರಗೊರ ಒಣಗುವ ತನಕ.
ನಸುಕಿಗೆ ಅವನು ಗಾಳಿಯಲ್ಲಿ ಇಲ್ಲದ ನೂಲು ಹೆಕ್ಕತೊಡಗಿದ
(ಮದ್ದು ಹತ್ತಿತು ಅಂದರೆ ಹಾಗೇ)
'ಬಾಯಿ ಒಣಗ್ಯಾದ, ನೀರು ಕೊಡ್ರಿ ಅಕ್ಕಾ' ಅಂದ.
ಡಾಕ್ಟರ್ ಹಾಫಿದ್ ನನ್ನತ್ತ ತಿರುಗಿದರು: ಏನಂತೆ?
ಏಳು ವರ್ಷದಲ್ಲಿ ಆ ವಾರ್ಡಿನಲ್ಲಿ
ಯಾರೂ ನನ್ನ ಭಾಷೆಯಲ್ಲಿ ನೀರು ಕೇಳಿರಲಿಲ್ಲ.

ಮೂರನೆಯ ದಿನ, ಪೊಲೀಸರು ಬರುವ ಮೊದಲು, ಕೇಳಿದೆ.
'ಕತ್ತಲಿತ್ತ್ರಿ. ಮಿರಿಂಡಾ ಬಾಟ್ಲಿ ಇತ್ತು.'
ಗೋಡೆ ನೋಡುತ್ತ ಅಂದ.
'ಡಬ್ಬಿ ಮ್ಯಾಲ ಅರಬಿ. ಬಾಟ್ಲಿ ಮ್ಯಾಲ ಏನೂ ಇಲ್ಲ.'
ಎರಡನೆಯ ಸಲ ಕೇಳಲಿಲ್ಲ ನಾನು.
ಅರಿಯದೆ, ಎಂದು ಬರೆದೆ; ಶಾಯಿ ಆರಲೆಂದು ಊದಿದೆ.

ಒಟ್ಟು: ಅರಿಯದೆ ತೊಂಬತ್ತೆಂಟು, ಅರಿತು ಇಪ್ಪತ್ತೊಂದು.
ಒಂದು ಆಚೀಚೆ ಇರಬಹುದು. ಕೂಡಿಸಿ, ಸಹಿ ಹಾಕಿ, ಮುಚ್ಚಿದೆ.

ಪಾಳಿ ಮುಗಿಸಿ ಕೋಣೆಗೆ ಬಂದವಳು ಸಿಂಕಿನ ಕೆಳಗೆ ಬಗ್ಗಿದೆ.
ನೀರಿನ ಬಾಟ್ಲಿಯಲ್ಲಿ ಬ್ಲೀಚು, ನಾನೇ ಸುರಿದಿಟ್ಟದ್ದು.
ಆಸ್ಪತ್ರೆಯ ಬಿಳಿ ಪಟ್ಟಿ ಅಂಟಿಸಿ ದೊಡ್ಡದಾಗಿ ಬರೆದೆ: ವಿಷ.
ಕೈ ತೊಳೆಯುವಾಗ ಹೊಳೆಯಿತು,
ಮೇಲಿನ ಮಂಚದ ಮರಿಸೆಲ್‌ಗೂ, ಕೆಳಗಿನ ಹಿರುತ್‌ಗೂ
ಅದು ಬರೀ ದುಂಡು ದುಂಡನೆಯ ಚಿತ್ತಾರ.
ಓದಬಲ್ಲವಳು ನಾನೊಬ್ಬಳೇ.