ನಾಲ್ಕು ಬೆರಳು ಬಿಸಿಲು

ಮೊಳೆ ಹೊಡೆಯಬಾರದು ಎಂದಿದ್ದರು ಓನರ್ ರೇಣುಕಾರಾಧ್ಯರು,
ಬೆರಳಿಗೆ ಎಂಜಲು ಹಚ್ಚಿ ಅಡ್ವಾನ್ಸು ಎಣಿಸುತ್ತ.
ಹೊಡೆದಿಲ್ಲ.
ಲಗ್ಗೆರೆಯ ಈ ಮೂರನೇ ಮಹಡಿಯ ಶೀಟಿನ ಮನೆಯಲ್ಲಿ
ಎಲ್ಲವೂ ದಾರದಿಂದ, ಪೊರಕೆಕಡ್ಡಿಯಿಂದ,
ಸ್ವಲ್ಪ ಮೊಂಡುತನದಿಂದ ನಿಂತಿದೆ.

ಮಾರ್ಚ್ ಮುಗಿಯುವ ಮೊದಲೇ ಶೀಟಿಗೆ ಸುಣ್ಣ ಬಳಿದೆ,
ಎರಡು ಕೇಜಿಗೆ ಒಂದು ಹಿಡಿ ಉಪ್ಪು, ಅರ್ಧ ಡಬ್ಬಿ ಗೋಂದು.
ಕೆಳಮನೆಯ ಎಸ್ತೇರಳ ಮಗ ಏಣಿ ಹಿಡಿದ,
ಹಿಡಿದದ್ದಕ್ಕೆ ಎರಡು ಐಸ್‌ಕ್ಯಾಂಡಿ ಕೇಳಿದ.
ಸುಣ್ಣದ ಮೇಲೆ ತೆಂಗಿನ ಗರಿ, ಗರಿಯ ಮೇಲೆ ಗೋಣಿ,
ಗೋಣಿಗೆ ಬಟ್ಟೆ ಹಿಂಡಿದ ನೀರು.
ನಲ್ಲಿ ಬರುವುದು ದಿನ ಬಿಟ್ಟು ದಿನ,
ಶೀಟಿಗೂ ಒಳ್ಳೆ ನೀರು ಕುಡಿಸುವ ಸಾಹುಕಾರಿಕೆ ನಮಗಿಲ್ಲ.

ಕಿಟಕಿಗೆ ಅಪ್ಪನ ಮಲ್ ಪಂಚೆ.
ನೀಲಿಯ ಬಾಟಲಿ ಪೂರ್ತಿ ಸುರಿದು ಅದ್ದಿ ತೆಗೆದೆ,
ಒಂದು ಕಡೆ ಕಡುನೀಲಿ, ಒಂದು ಕಡೆ ಬರೀ ಗುಮಾನಿ.
ಹತ್ತು ಗಂಟೆಯ ಬಿಸಿಲು ಅದರೊಳಗಿಂದ ಇಳಿದರೆ
ಹೊಲಿಗೆ ಮಿಷನ್ನು, ಕೊಕ್ಕೆ ಕಾಯುವ ಬ್ಲೌಸುಗಳು, ನನ್ನ ಮೊಣಕೈ
ಎಲ್ಲ ಕೆರೆಯ ತಳದಲ್ಲಿ ಕೂತಂತೆ.
ಕೆರೆಯೇ ಇತ್ತಂತೆ ಇಲ್ಲಿ, ಎಸ್ತೇರ್ ಹೇಳುತ್ತಾಳೆ.
ರೇಣುಕಾರಾಧ್ಯರು ಸೈಟಿನ ಪತ್ರ ತೋರಿಸಿ
ಇರಲೇ ಇಲ್ಲ ಅನ್ನುತ್ತಾರೆ.

ಮೂಲೆಯಲ್ಲಿ ಮರಳು, ಮರಳಿನ ಮೇಲೆ ಹೂಜಿ.
ಬೆವರುವುದೇ ಅದರ ಕೆಲಸ.
ಒಸರಿದ್ದು ದಂಡವಾಗದಿರಲೆಂದು
ಸುತ್ತ ಕೊತ್ತಂಬರಿ ಬೀಜ ಒಡೆದು ಹಾಕಿದ್ದೆ.
ಹದಿಮೂರನೇ ದಿನ ತಲೆ ಎತ್ತಿದವು.
ಸಾರಿಗೆ ಕೀಳಲು ಮನಸ್ಸು ಬಂದಿಲ್ಲ.
ಎರಡು ಸಲ ಮಾತ್ರ ಬಂತು.

ಯುಗಾದಿಯ ತೋರಣ ಬಿಚ್ಚಿಲ್ಲ.
ಮಾವಿನೆಲೆ ಒಣಗಿ ಸುರುಳಿ ಸುತ್ತಿದೆ, ಗಾಳಿ ಬಂದರೆ
ಮೊದಲು ತಿಳಿಯುವುದು ಅದಕ್ಕೆ. ಚರಪರ ಅಂದ ಕೂಡಲೇ
ಎದ್ದು ಬಾಗಿಲು ತೆರೆಯುತ್ತೇನೆ.

ಇಷ್ಟೆಲ್ಲ ಅವನಿಗೆ ಎಂದುಕೊಂಡಿದ್ದೆ.
ಮುನಿವೆಂಕಟ ಮನೆಗೆ ಬರುವುದು ಬೆಳಿಗ್ಗೆ ಒಂಬತ್ತಕ್ಕೆ,
ಐಸ್ ಫ್ಯಾಕ್ಟರಿಯಲ್ಲಿ ರಾತ್ರಿಯಿಡೀ ಗಡ್ಡೆ ಎಳೆದು,
ಜ್ಯೂಸಿನಂಗಡಿಗೆ, ಮೀನಿಗೆ, ಮದುವೆ ಛತ್ರಕ್ಕೆ
ಊರಿನ ತಂಪನ್ನೆಲ್ಲ ಲಾರಿಗೆ ಹತ್ತಿಸಿ.
ಮೊದಲ ದಿನ ನೀಲಿ ಕೋಣೆ ತೋರಿಸಿದೆ,
ಒರೆಸಿದ ನೆಲ, ಚಾಪೆ, ಏಲಕ್ಕಿ ಹಾಕಿದ ಪಾನಕ.
ಚೆನ್ನಾಗಿದೆ ಕಣೇ, ಅಂದ. ಒಂದು ಗುಟುಕು ಕುಡಿದ.
ಆಮೇಲೆ ಕಾಣಲಿಲ್ಲ.

ಹುಡುಕಿದರೆ ತಾರಸಿಯಲ್ಲಿ,
ಮೋಟುಗೋಡೆಗೆ ಬೆನ್ನು ಒತ್ತಿ,
ಕಾದ ಸಿಮೆಂಟಿನ ಮೇಲೆ ಎರಡೂ ಅಂಗೈ ಊರಿ,
ಒಲೆ ಮುಂದಿನ ಮುದುಕಿಯ ಹಾಗೆ ಕೂತಿದ್ದ.
ಇರು, ಬೆರಳು ಇನ್ನೂ ಡ್ಯೂಟಿಯಿಂದ ಬಂದಿಲ್ಲ, ಅಂದ.

ನಗು ಬಂತು. ಸಿಟ್ಟೂ ಬಂತು,
ನೀಲಿಯ ಬಾಟಲಿಗೆ ಇಪ್ಪತ್ತೆಂಟು ರೂಪಾಯಿ.

ಈಗ ಪಂಚೆಯ ಅಂಚನ್ನು ದಿನಾ ಒಂದು ಕ್ಲಿಪ್ಪಿನಿಂದ
ಎತ್ತಿ ಕಟ್ಟುತ್ತೇನೆ. ನಾಲ್ಕು ಬೆರಳು, ಜಾಸ್ತಿ ಇಲ್ಲ.
ಅಷ್ಟಗಲದ ಬಿಸಿಲು ಚಾಪೆಗೆ ಬೀಳುತ್ತದೆ,
ಕೈಯೆರಡನ್ನೂ ಅದರಲ್ಲಿಟ್ಟು, ಮಿಕ್ಕ ಮೈಯನ್ನು ನೀಲಿಗೆ ಬಿಟ್ಟು
ಮಲಗುತ್ತಾನೆ. ಬಿಸಿಲು ಸರಿಯುತ್ತದೆ,
ನಿದ್ದೆಯಲ್ಲೇ ಕೈ ಅದರ ಹಿಂದೆ ಸರಿಯುತ್ತದೆ.
ಅದು ಕೊತ್ತಂಬರಿ ಮುಟ್ಟುವ ಹೊತ್ತಿಗೆ
ಬೆರಳು ಹಿಡಿದು ನೋಡಿ, ಬಂದಿವೆ ಎಂದು ಗೊತ್ತಾದರೆ
ಕ್ಲಿಪ್ಪು ತೆಗೆಯುತ್ತೇನೆ.

ಅವನ ಟಿಫನ್ ಡಬ್ಬಿಯಲ್ಲಿ, ಭತ್ತದ ಹೊಟ್ಟಿನೊಳಗೆ,
ದಿನಾ ನನಗೊಂದು ಚೂರು ಐಸು.
ಬೋಗುಣಿಗೆ ಹಾಕಿ ಟೇಬಲ್ ಫ್ಯಾನಿನ ಮುಂದಿಟ್ಟು
ಮೆಲ್ಲಗೆ ಮಿಷನ್ ತುಳಿಯುತ್ತೇನೆ.
ಫ್ಯಾನು ತಿರುಗುವುದಿಲ್ಲ, ಕತ್ತು ಕೆಟ್ಟಿದೆ,
ನನ್ನ ಕಡೆಗೇ ನೋಡುತ್ತದೆ.

ಮೊನ್ನೆ ಬಾಡಿಗೆಗೆ ಬಂದ ರೇಣುಕಾರಾಧ್ಯರು
ಪಂಚೆ ನೋಡಿದರು, ತೋರಣ ನೋಡಿದರು,
ಗೋಡೆ ಸವರಿ ಸವರಿ ಮೊಳೆ ಹುಡುಕಿದರು.
ಹೂಜಿಯಿಂದ ಎರಡು ಲೋಟ ನೀರು ಕುಡಿದರು.
ದುಡ್ಡು ಎಣಿಸಿಯಾದ ಮೇಲೂ
ಸ್ವಲ್ಪ ಹೊತ್ತು ಕೂತೇ ಇದ್ದರು.