ಪ, ಬ, ಮ

ಫೋರ್ಟಿನ ಹೋಟೆಲು ಮುಚ್ಚಿದ ವಾರ
ಅಟ್ಟದಲ್ಲಿ ಸಿಕ್ಕಿತು, ಹಳೆಯ ಗಲ್ಲಾಪೆಟ್ಟಿಗೆಯ ಹಿಂದೆ,
ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದರೆ
ಹುಳಿ ಹುಳಿ ವಾಸನೆ.
ಉಪ್ಪಿನಕಾಯಿ ಕೆಟ್ಟಿದೆ ಎಂದ ಭೋಜ, ಎಸೆಯಲು ಹೊರಟ.

ಉಪ್ಪಿನಕಾಯಿಯಲ್ಲ. ನಡುಮಧ್ಯೆ ತೂತಿರುವ
ಸಪೂರ ರೀಲು, ಎರಡು ಸುರುಳಿ.
ಜೊತೆಗೊಂದು ಚೀಟಿ: ರಾತ್ರಿ ಶಾಲೆಯ ಹುಡುಗರು,
ಇಪ್ಪತ್ತೊಂಬತ್ತನೇ ಇಸವಿ.

ಗ್ರಾಂಟ್ ರೋಡಿನ ಗಡಿಯಾರದಂಗಡಿಯ ಮುದುಕ
ಯಂತ್ರ ಕೊಟ್ಟ, ಬಾಡಿಗೆಗೆ, ಕೈಯಲ್ಲಿ ತಿರುಗಿಸುವಂಥದ್ದು.
ಕುರ್ಲಾದ ನಮ್ಮ ಕೋಣೆ;
ಕಿಟಕಿಗೆ ಚಾದರ, ಗೋಡೆಗೆ ಅಪ್ಪನ ಪಂಚೆ.

ಒಟ್ಟು ಏಳು ನಿಮಿಷ.
ಮೊದಲಿಗೆ ಹೆಸರು: ಪೆಸ್ತನ್‌ಜಿ, ವಿಮೆ ಕಚೇರಿ.
ಅವನಿಗೆ ಕ್ಯಾಮೆರಾ ಹುಚ್ಚು, ಇವರಿಗೆ ಭಾನುವಾರ
ಮಧ್ಯಾಹ್ನ ಎರಡು ತಾಸು ಬಿಡುವು ಇದ್ದಿರಬೇಕು.
ರಾಜನ ಕಿರೀಟ ತುಪ್ಪದ ಡಬ್ಬಿಯದು,
ರಾಣಿಗೆ ಚಿಗುರುಮೀಸೆ,
ಅರಮನೆ ಎಂದರೆ ತಾರಸಿಯ ನೀರಿನ ಟಾಂಕಿ.
ಗಾಳಿಗೆ ಪರದೆ ಹಾರಿದಾಗ ಹಿಂದೆ ಕಾಣುತ್ತದೆ
ಬಂದರಿನ ಕ್ರೇನು, ಒಣಗಲು ಹಾಕಿದ ಚಡ್ಡಿ,
ಕತೆಗೆ ಸಂಬಂಧವೇ ಇಲ್ಲದ ಒಂದು ಕಾಗೆ.

ನಾವು ನಕ್ಕೆವು. ಚಿಕ್ಕಮ್ಮ ನಗಲಿಲ್ಲ.
ಎಂಟನೇ ವಯಸ್ಸಿಗೆ ಜ್ವರ ಬಂದು ಕಿವಿ ಹೋದವಳು
ಗುಲಾಬಿ ಚಿಕ್ಕಮ್ಮ; ಅರವತ್ತು ವರ್ಷ
ತುಟಿ ನೋಡಿಯೇ ಪೇಟೆ, ಜಗಳ, ಮದುವೆ, ಎಲ್ಲ.
‘ನಿಲ್ಲಿಸು’ ಎಂದಳು. ‘ಇವ ಹೇಳುವುದು ಅದಲ್ಲ.’

ಕಾರ್ಡಿನಲ್ಲಿ, ಗುಜರಾತಿಯಲ್ಲಿ, ಇಂಗ್ಲಿಷಿನಲ್ಲಿ:
ಮಹಾರಾಜ, ಪ್ರಾಣಭಿಕ್ಷೆ ನೀಡಿ.
ಕಳ್ಳನ ತುಟಿಯಲ್ಲಿ:
ಬೇಗ ಮುಗಿಸು ಮಾರಾಯ, ಹಿಟ್ಟು ರುಬ್ಬಲಿಕ್ಕುಂಟು.
ಇವನ ತಲೆ ಕಡಿಯಿರಿ, ಎಂದು ರಾಜಾಜ್ಞೆ.
ರಾಜನ ತುಟಿಯಲ್ಲಿ:
ಧಣಿ ನನಗೆ ಎರಡು ತಿಂಗಳಿಂದ ಕೊಡಲಿಲ್ಲ, ನಿನಗೆ ಕೊಟ್ಟರಾ?
ರಾಣಿ ಅಳುತ್ತಾಳೆ, ಸೆರಗಿನಲ್ಲಿ ಬಾಯಿ ಮುಚ್ಚಿ.
ಅಲ್ಲಿ ಏನು ಮಾತಾಯಿತೋ
ಚಿಕ್ಕಮ್ಮನಿಗೂ ಗೊತ್ತಿಲ್ಲ.

ಕಡೆಗೆ, ಸತ್ತವರೆಲ್ಲ ಎದ್ದು
ಧೂಳು ಕೊಡವಿಕೊಳ್ಳುವಾಗ
ಪೊರಕೆಕೋಲಿನ ಭರ್ಜಿ ಹಿಡಿದ ಸಣ್ಣವನೊಬ್ಬ
ಸೀದಾ ನಮ್ಮತ್ತ ತಿರುಗಿ ಏನೋ ಅಂದ.
ಒಂದೇ ಮಾತು. ಅಷ್ಟರಲ್ಲಿ ರೀಲು ಮುಗಿದು
ಪಂಚೆ ಬರೀ ಬಿಳಿ.

‘ಬರೆ ಅಂದ’ ಎಂದಳು ಚಿಕ್ಕಮ್ಮ.
ಮತ್ತೆ ತಿರುಗಿಸಿದೆ. ‘ಮರೆ ಅಂತಲೂ ಇರಬಹುದು.
ಪ, ಬ, ಮ ತುಟಿಗೆ ಒಂದೇ, ಮಗಾ.
ಬೇರೆ ಮಾಡುವುದು ಕಿವಿ.’

ಹಿಡಿ ತಿರುಗಿಸಿ ನನ್ನ ಮಣಿಕಟ್ಟು ನೋಯುತ್ತಿತ್ತು.
ಐದನೇ ಸಲಕ್ಕೆ ಅವಳೆದ್ದು ಗೋಡೆಯ ಹತ್ತಿರ ಹೋಗಿ
ಅವನ ಬಾಯಿ ಇದ್ದಲ್ಲಿ ಬೆರಳಿಟ್ಟಳು.
ಹುಡುಗ ಅವಳ ಉಗುರಿನ ಮೇಲೆ ಬಂದು
ಹೇಳಿದ್ದನ್ನೇ ಹೇಳಿದ.